‘ಬೇಡ’ ಎಂಬ ಇಂಗ್ಲಿಷ್ ಪದ

ಅಪರೂಪದ ಇಂಗ್ಲಿಷ್ ಪದಗಳ ಅರ್ಥವನ್ನೂ ಮೂಲವನ್ನೂ ಕನ್ನಡದಲ್ಲಿ ತಿಳಿಸಿಕೊಡುವ ನಿಘಂಟಿಗೆ ತಮ್ಮ ಮೂವತ್ತನಾಲ್ಕು ವರ್ಷಗಳನ್ನು ಧಾರೆಯೆರೆದ ಸಂಪಾದಕರೂ, ನಮ್ಮೆಲ್ಲರ ಬಾಯಲ್ಲಿ ‘ಬೇರು ಮೇಷ್ಟ್ರು’ ಎಂದೇ ಪ್ರೀತಿಯಿಂದ ಕರೆಸಿಕೊಂಡವರೂ ಆದ ಹಿರಿಯರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಹಿಂದೆಯೇ ನಿಘಂಟು ವಿಭಾಗಕ್ಕೂ ಬೀಗ ಬೀಳುತ್ತಿದೆ. ಅವರಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಇಂಥ ಮಾತು ಬರೆಯಬಾರದೆಂದು ಗ್ರಂಥದ ಸಮಿತಿಯವರು ಹೇಳಿದ್ದಾರೆ, ಹೇಳಲಿ.

ಯಾವ ಪದ ಕೈಗೆ ಬಂದರೂ ಮೇಷ್ಟ್ರು ಕೇಳುತ್ತಿದ್ದುದು ಒಂದೇ: “ಇದರ ಅಪ್ಪ ಅಮ್ಮ ಯಾರು?” ‘ಡಿಫೆನೆಸ್ಟ್ರೇಷನ್’ ಎಂದರೆ ಕಿಟಕಿಯಿಂದ ಆಚೆಗೆ ಎಸೆಯುವುದು, ಲ್ಯಾಟಿನ್ನಿನ ‘ಫೆನೆಸ್ಟ್ರಾ’ ಎಂದರೆ ಕಿಟಕಿ ಎಂದು ವಿವರಿಸಿ, “ನೋಡಮ್ಮ, ಎಸೆಯೋದಕ್ಕೂ ಒಂದು ಪದ ಮಾಡಿಟ್ಟಿದಾರೆ ಪುಣ್ಯಾತ್ಮರು!” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಾಗೆ ‘ಅಮ್ಮ’ ಅನ್ನಿಸಿಕೊಂಡವಳು ಅವರ ಸಹಾಯಕಿ. ಕೆಲಸಕ್ಕೆ ಸೇರಿದಾಗ ಅವಳಿಗೆ ಲ್ಯಾಟಿನ್ ಹಾಗಿರಲಿ, ಇಂಗ್ಲಿಷೇ ಅಷ್ಟಕ್ಕಷ್ಟೆ. ಮೂರು ವರ್ಷ ತಮ್ಮ ಊಟದ ಬಿಡುವನ್ನು ಬಿಟ್ಟುಕೊಟ್ಟು ಮೇಷ್ಟ್ರು ಅವಳಿಗೆ ಕಲಿಸಿದರು. ಅವಳ ತಾಯಿ ಆಸ್ಪತ್ರೆ ಸೇರಿದಾಗ ಪದಕ್ಕೊಂದರಂತೆ ಬರೆದಿಡುವ ಕಾರ್ಡುಗಳಲ್ಲಿ ಅವಳ ಪಾಲಿನವನ್ನೂ ತಾವೇ ತುಂಬಿದರು. ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ.

ಆಫೀಸಿನಲ್ಲಿದ್ದುದು ಇಂಗ್ಲಿಷ್ ಅಕ್ಷರಗಳ ಟೈಪ್‌ರೈಟರ್ ಒಂದೇ. ಹಾಗಾಗಿ ಮೇಷ್ಟ್ರು ಕಾರ್ಡಿನ ಎಡ ಮೂಲೆಯಲ್ಲಿ ಪದವನ್ನೂ ಬಲ ಮೂಲೆಯಲ್ಲಿ ತಮ್ಮ ತೀರ್ಪನ್ನೂ ಅದೇ ಅಕ್ಷರಗಳಲ್ಲಿ ಒತ್ತುತ್ತಿದ್ದರು. ತೀರ್ಪು ಎರಡೇ: ‘ಬೇಕು’, ಇಲ್ಲವೇ ‘ಬೇಡ’. ಅರ್ಥವನ್ನು ಕೆಳಗೆ ಕೈಯಲ್ಲಿ ಬರೆಯುತ್ತಿದ್ದರು. ಒಮ್ಮೆ ‘ಅಪ್ರಿಸಿಟಿ’ ಎಂಬ ಪದ ಸಿಕ್ಕಿತು. ಚಳಿಗಾಲದ ಬಿಸಿಲಿನ ಹಿತವಾದ ಬಿಸುಪು ಎಂದು ಅದರ ಅರ್ಥ. ಬಿಸಿಲಿಗೆ ತೆರೆದುಕೊಂಡದ್ದು ಎಂಬ ಲ್ಯಾಟಿನ್ ಪದ ಅದರ ತಾಯಿ. ಆದರೆ ಮೇಷ್ಟ್ರಿಗೆ ಅದು ಕಂಡದ್ದು ಒಂದು ಹಳೆಯ ನಿಘಂಟಿನಲ್ಲಿ ಮಾತ್ರ. “ಆಡಿದೋರೇ ಇಲ್ಲದ ಮಾತು ನಮಗ್ಯಾಕಮ್ಮ?” ಎಂದು ಒಲ್ಲದ ಮನಸ್ಸಿನಿಂದ ‘ಬೇಡ’ ಒತ್ತಿದರು. ಆ ಕಾರ್ಡಿನ ಎಡ ಮೂಲೆಯನ್ನು ಇಲಿ ತಿಂದಿತು. ಉಳಿದದ್ದು ಬಲಗಡೆಯ ಬಿ, ಇ, ಡಿ, ಎ. ತಾಯಿಯನ್ನು ಕಳಕೊಂಡು ಆ ವಾರವಷ್ಟೇ ಕೆಲಸಕ್ಕೆ ಮರಳಿದ್ದ ಸಹಾಯಕಿ ಅದನ್ನೇ ಇಂಗ್ಲಿಷ್ ಪದವೆಂದು ತಿಳಿದು ‘ಬಿ’ ಡಬ್ಬಿಗೆ ಸೇರಿಸಿದಳು. ಆ ಪುಟಗಳ ಕರಡು ತಿದ್ದಿದವಳೂ ಅವಳೇ.

‘ಎ’ಯಿಂದ ‘ಸಿ’ವರೆಗಿನ ಮೊದಲ ಸಂಪುಟ ಅಚ್ಚಾಗಿ ಬಂತು. ಚಳಿಗಾಲದ ಬಿಸಿಲಿಗೆ ಇಂಗ್ಲಿಷಿನಲ್ಲಿ ‘ಬೇಡ’ ಅಂತಾರಂತೆ ಎಂದು ಓದಿದವರೆಲ್ಲ ಬಿದ್ದು ಬಿದ್ದು ನಕ್ಕರು. ಸಂಸ್ಥೆಯ ಅಧ್ಯಕ್ಷರು ಮೇಷ್ಟ್ರನ್ನು ಕರೆಸಿ, “ಏನ್ರೀ ಇದು ಮಾನ ಕಳೆಯೋ ಕೆಲಸ? ಈ ಕಾರ್ಡು ಸೇರಿಸಿದ್ದು ಯಾರು?” ಎಂದು ಗದರಿದರು. ಸಹಾಯಕಿ ಬಾಗಿಲ ಬಳಿಯೇ ನಿಂತಿದ್ದಳು.

“ನಾನೇ ಸರ್,” ಎಂದರು ಮೇಷ್ಟ್ರು.

ಅವಳು ಬಾಯಿ ಬಿಡಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ. ‘ಸಂಪಾದಕರ ಬೇಜವಾಬ್ದಾರಿ’ ಎಂಬ ಷರಾ ಕಡತಕ್ಕೆ ಸೇರಿತು. ಎರಡನೆಯ ಸಂಪುಟಕ್ಕೆ ಒಪ್ಪಿಗೆ ಬರಲೇ ಇಲ್ಲ. ಆದರೂ ಹದಿನಾಲ್ಕು ವರ್ಷ, ಅಚ್ಚಾಗುವುದಿಲ್ಲವೆಂದು ಗೊತ್ತಿದ್ದೂ ಗೊತ್ತಿದ್ದೂ, ಮೇಷ್ಟ್ರು ‘ಡಿ’ಯಿಂದ ‘ಟಿ’ವರೆಗೆ ಕಾರ್ಡು ತುಂಬುತ್ತಲೇ ಹೋದರು. ಈ ಲೇಖನವನ್ನು ಬರೆಯುತ್ತಿರುವವಳು ಆ ಸಹಾಯಕಿಯೇ. ಕಾರ್ಡು ಸೇರಿಸಿದ್ದು ಅವಳು, ಮೇಷ್ಟ್ರಲ್ಲ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂಬ ಗಾದೆ ಅವಳಿಗೂ ಗೊತ್ತು, ಅದರಿಂದ ಎಳ್ಳಷ್ಟೂ ಸಮಾಧಾನವಾಗಿಲ್ಲ.

ಕಳೆದ ವಾರ ರದ್ದಿಯವರು ಬಂದರು. ಎರಡನೆಯ ಮಹಡಿಯಿಂದ ಹೊತ್ತು ಇಳಿಸೋದು ಯಾರು ಎಂದುಕೊಂಡು, ಕಾರ್ಡಿನ ಕಟ್ಟುಗಳನ್ನು ಕಿಟಕಿಯಿಂದಲೇ ಲಾರಿಗೆ ಎಸೆಯತೊಡಗಿದರು. ಅಂಗಳದ ಕಲ್ಲುಬೆಂಚಿನ ಮೇಲೆ, ಚಳಿಗಾಲದ ಎಳೆಬಿಸಿಲಿನಲ್ಲಿ ಕೂತಿದ್ದ ಮೇಷ್ಟ್ರು ತಲೆಯೆತ್ತಿ, “ಡಿಫೆನೆಸ್ಟ್ರೇಷನ್,” ಎಂದರು. ಈ ಸಲ ನಗಲಿಲ್ಲ.

ಸಹಾಯಕಿ ಪಕ್ಕದಲ್ಲಿ ಕೂತು ಈ ಲೇಖನದಲ್ಲಿ ಅದುವರೆಗೆ ಬರೆದಿದ್ದಷ್ಟನ್ನು ಓದಿ ಹೇಳಿದಳು. ಓದುತ್ತ ಅತ್ತಳು.

“ಗೊತ್ತಿತ್ತಮ್ಮ,” ಎಂದರು ಮೇಷ್ಟ್ರು. “ಆಗ ಹೇಳಿದ್ರೆ ನಿನ್ನ ತಂಗೀರನ್ನ ಸಾಕೋರು ಯಾರಿದ್ರು?”

“ಕೊನೇಲಿ ನಿಮ್ಮ ಕೆಲಸ ಮುಂದುವರೀಲಿ ಅಂತ ಬರೀಲಾ, ಸರ್?”

ಕಿಟಕಿಯಿಂದ ಇನ್ನೊಂದು ಕಟ್ಟು ಲಾರಿಯ ಅಂಚಿಗೆ ಬಡಿದು ಬಿತ್ತು. ದಾರ ಹರಿದು ಕಾರ್ಡುಗಳು ಅಂಗಳದ ತುಂಬ ಚೆಲ್ಲಿದವು. ಹೆಕ್ಕಲು ಇಬ್ಬರೂ ಏಳಲಿಲ್ಲ.

“ಬೇಡ,” ಎಂದರು ಮೇಷ್ಟ್ರು.

ಅದು ಕನ್ನಡದ ‘ಬೇಡ’ವೇ, ಅನುಮಾನವಿಲ್ಲ. ಆದ್ದರಿಂದ ಆ ಹಾರೈಕೆಯನ್ನು ಇಲ್ಲಿ ಬರೆದಿಲ್ಲ. ನಮ್ಮ ಸಂಪುಟದ ಪದವನ್ನಾದರೂ, ಅದು ಕೊಡುವ ಅರ್ಥದಲ್ಲೇ, ಒಬ್ಬರಾದರೂ ಆಡಲೆಂದು ಆ ಸಹಾಯಕಿ ಆಡುತ್ತಿದ್ದಾಳೆ: ಮೇಷ್ಟ್ರು ನೂರ್ಕಾಲ ಬಾಳಲಿ; ಪ್ರತಿ ಚಳಿಗಾಲವೂ ಅವರ ಬೆಂಚಿನ ಮೇಲೆ ಬೇಕಾದಷ್ಟು ‘ಬೇಡ’ ಬೀಳಲಿ.