ಅಕ್ಕನಿಗೆ ಒಯ್ದ ಪಂಚಮಿ ಸೀರೆ

ಸೀರೆ ಕೊಳ್ಳುವುದಾದರೆ ಹಬ್ಬಕ್ಕೆ ಎರಡು ತಿಂಗಳು ಮುಂಚೆ ಕೊಳ್ಳಿ. ಅಂಗಡಿಯವ ಬೋಣಿಗೆಗೆ ಕಾಯುತ್ತಿರುವಾಗ, ಬೆಳಿಗ್ಗೆಯೇ ಹೋಗಿ. ಮನಸ್ಸಿಗೆ ಬಂದ ಸೀರೆಯನ್ನು ಮೊದಲು ಮುಟ್ಟಬೇಡಿ, ಬೇರೆಯದನ್ನು ಹಿಡಿದು ದರ ಕೇಳಿ. ಬೈಲಹೊಂಗಲದ ಪೇಟೆಯಲ್ಲಿ ಹಳೆ ಗೋಣಿಚೀಲ ಕೊಂಡು, ತೇಪೆ ಹಾಕಿಸಿ, ಮಾರುತ್ತ ಮೇಲೆ ಬಂದವನು ನಾನು. ಈ ವಿದ್ಯೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ. ಅದನ್ನು ಎಲ್ಲಿ ಬಳಸಬಾರದಿತ್ತು ಎಂಬುದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ.

ಅಕ್ಕನನ್ನು ರಾಮದುರ್ಗದ ಕಡೆ ಕೊಟ್ಟಿತ್ತು. ಅವ್ವ ಅಪ್ಪ ಹೋದ ಮೇಲೆ ಅವಳಿಗೆ ತವರು ಎಂದರೆ ನಾನೊಬ್ಬನೇ. ನಾಗರ ಪಂಚಮಿಗೆ ಅವಳಿಗೆ ಬರಲಾಗುತ್ತಿರಲಿಲ್ಲ. ನಾನೇ ಉಂಡಿಯ ಡಬ್ಬಿ, ಸೀರೆ, ಕುಬಸದ ಖಣ ಹಿಡಿದುಕೊಂಡು ಸವದತ್ತಿಯಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ.

ಅಕ್ಕ ಏನನ್ನೂ ಬೇಡಿದವಳಲ್ಲ. ತೊಂಬತ್ತರ ದಶಕದ ನಡುವಿನ ಒಂದು ವರ್ಷ ಮಾತ್ರ, ನನ್ನನ್ನು ಬಸ್ಸಿಗೆ ಬಿಡಲು ಬಂದವಳು ಬೇರೆ ಕಡೆ ನೋಡುತ್ತ ಕೇಳಿದಳು:

“ಬರೂ ಪಂಚಮಿಗೆ ಒಂದ ಇಳಕಲ್ ಸೀರಿ ತರತೀಯೇನೋ ತಮ್ಮಾ? ನಾ ತವರಮನಿ ಇಳಕಲ್ ಉಟ್ಟದ್ದ ಈ ಮನ್ಯಾಗ ಯಾರೂ ನೋಡಿಲ್ಲ.”

ತರುತ್ತೇನೆ ಎಂದೆ. ಅವಳ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಹೂಲಿಯಿಂದ ಬರುವ ಅಣ್ಣ ವರ್ಷವೂ ರೇಷ್ಮೆ ಸೆರಗಿನ ಇಳಕಲ್ಲನ್ನೇ ತರುತ್ತಾನೆಂಬುದು ನನಗೆ ಗೊತ್ತಿತ್ತು.

ಮರುವರ್ಷ ನನಗೆ ದುಡ್ಡಿನ ಯಾವ ತಾಪತ್ರಯವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಅಂಗಡಿಯವ ಮದುವೆಗಳಲ್ಲಿ ನೆಂಟರಿಗೆ ಉಡುಗೊರೆಯಾಗಿ ಆಯೇರಿ ಮಾಡಲೆಂದೇ ಇಡುವ ಅಗ್ಗದ ಸೀರೆಗಳ ಗಂಟು ಬಿಚ್ಚಿದ. ಇಳಕಲ್ಲಿನ ಬಣ್ಣ, ಇಳಕಲ್ಲಿನ ಅಂಚು, ಬಟ್ಟೆ ಮಾತ್ರ ಮಿಲ್ಲಿನದು. ಡಜನ್ ಎತ್ತಿದರೆ ಒಂದನ್ನು ಮೇಲೆ ಬಿಡುತ್ತೇನೆ ಎಂದ. ಮುಂದೆ ಆಯೇರಿಗೆ ಬೇಕಾಗುತ್ತವೆಂದು ಡಜನ್ ಎತ್ತಿದೆ. ಹಾಗೆ ಪುಕ್ಕಟೆ ಬಂದ ಸೀರೆಯನ್ನೇ ಅಕ್ಕನಿಗೆಂದು ತೆಗೆದಿಟ್ಟೆ. ಹೆಂಡತಿ ಬೇಡ ಎಂದಳು. ಅಲ್ಲಿ ಯಾರು ತಿರುವಿ ನೋಡುತ್ತಾರೆ ಎಂದೆ.

ಆ ಮನೆಯಲ್ಲಿ ತಿರುವಿಯೇ ನೋಡುತ್ತಿದ್ದರು. ತವರಿನಿಂದ ಬಂದ ಸೀರೆಗಳನ್ನು ಓಣಿಯ ಹೆಂಗಸರ ಎದುರು ಪಡಸಾಲೆಯಲ್ಲಿ ಬಿಚ್ಚುವುದು ಅಲ್ಲಿಯ ರೂಢಿ. ಅಕ್ಕನ ಅತ್ತೆ ಮೊದಲು ಹೂಲಿಯ ಸೀರೆಯನ್ನು ಬಿಚ್ಚಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗವನ್ನು ಹುಡುಕಿದಳು. ಕೈಮಗ್ಗದ ಇಳಕಲ್ಲಿನಲ್ಲಿ ಅಲ್ಲಿ ಎರಡು ಕಡೆಯ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಅದು ಬೆರಳಿಗೇ ತಿಳಿಯುತ್ತದೆ. ಅವಳು ತಲೆದೂಗಿ ನನ್ನ ಸೀರೆಗೆ ಕೈ ಹಾಕಿದಳು. ಇಳಕಲ್ಲೇನೋ ಎಂದು ಕೇಳಿದಳು. ನಾನು ತಲೆ ಆಡಿಸಿದೆ, ಸಂತೆಯಲ್ಲಿ ಆಡಿಸುವ ಹಾಗೆ, ಹೌದೋ ಅಲ್ಲವೋ ತಿಳಿಯದಂತೆ.

ಅವಳ ಹೆಬ್ಬೆರಳು ಸೆರಗು ಶುರುವಾಗುವಲ್ಲಿ ಅಡ್ಡಲಾಗಿ ಹೋಯಿತು, ತಿರುಗಿ ಬಂತು. ಕುಣಿಕೆ ಎಲ್ಲಿಂದ ಸಿಗಬೇಕು? ಅಲ್ಲೇ ಕೂತಿದ್ದ ಹೂಲಿಯವನು ಮರ್ಯಾದೆಗೆ ಬಾಗಿಲ ಕಡೆ ನೋಡಿದ. ಹೆಂಗಸರಲ್ಲೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು.

“ನಾನ ಹೇಳಿ ತರಿಸೀನ್ರಿ ಅತ್ತಿ,” ಎಂದಳು ಅಕ್ಕ. “ರೇಶಿಮಿ ಸೆರಗ ತಲಿಮ್ಯಾಲ ನಿಲ್ಲಂಗಿಲ್ಲ, ಜಾರತೈತಿ. ಅಂವಾ ಇಳಕಲ್ಲ ತರತೇನಂದಾ. ನಾನ ಬ್ಯಾಡಂದ್ನಿ.”

ವ್ಯಾಪಾರದಲ್ಲಿ ನನಗೂ ಅಷ್ಟು ಸಲೀಸಾಗಿ ಸುಳ್ಳು ಬಂದದ್ದಿಲ್ಲ.

ಒಳಗೆ ಅಡುಗೆಮನೆಯಲ್ಲಿ ನನಗೆ ಜೋಳದ ಅಳ್ಳು, ಉಂಡಿ ಕೊಟ್ಟಳು. ಬರುವ ವಾರವೇ ಖರೆ ಇಳಕಲ್ ತಂದುಕೊಡುತ್ತೇನೆ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

“ಈಗ ತಂದರ ನಾ ಅಂದದ್ದ ಸುಳ್ಳಾಗತೈತಿ. ಇನ್ನ ನೀ ಮಿಲ್ಲಿಂದ ತರಬೇಕ, ನಾ ಅದನ್ನ ಉಡಬೇಕ. ತಿನ್ನ, ಬಸ್ಸಿನ ಹೊತ್ತಾತು.”

ಹಾಗೇ ನಡೆಯಿತು. ಬೈಲಹೊಂಗಲದಲ್ಲಿ ನನ್ನದೇ ಗೋದಾಮಾಯಿತು, ಎರಡು ಸಾವಿರದ ಇಸವಿಯೂ ದಾಟಿತು. ಪ್ರತಿ ಪಂಚಮಿಗೆ ಹೆಂಡತಿ ಮುಖ ತಿರುಗಿಸುವಂಥ ಒಂದು ಮಿಲ್ ಸೀರೆ ಹುಡುಕಿ ಒಯ್ಯುತ್ತಿದ್ದೆ. ಅಂಗಡಿಯಲ್ಲಿ ದರ ಕೇಳುವುದನ್ನೂ ಬಿಟ್ಟಿದ್ದೆ.

ಒಂದು ವರ್ಷ ತಡೆಯಲಾರದೆ ಕೈಮಗ್ಗದ ಇಳಕಲ್ಲೊಂದನ್ನು ಚೀಲದ ತಳದಲ್ಲಿಟ್ಟುಕೊಂಡು ಹೋದೆ. ಅಡುಗೆಮನೆಯಲ್ಲಿ ತೆಗೆದು ಕೊಟ್ಟೆ. ಅಕ್ಕ ಒಂದು ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. ಗೋಡೆಗೆ ತೂಗುಹಾಕಿದ ಸಣ್ಣ ಕನ್ನಡಿಯಲ್ಲಿ ಕುತ್ತಿಗೆಯಿಂದ ಭುಜದವರೆಗೆ ಮಾತ್ರ ಕಾಣುತ್ತಿತ್ತು. ಹೊರಗೆ ಅತ್ತೆ ಕೆಮ್ಮಿದ್ದು ಕೇಳಿದ ಕೂಡಲೇ ಮೊದಲಿದ್ದ ಗೆರೆಗೇ ಮಡಚಿ, ನಿನ್ನ ಹೆಂಡತಿಗೆ ಕೊಡು ಎಂದು ಚೀಲದೊಳಗೆ ತುರುಕಿದಳು.

ಪಡಸಾಲೆಗೆ ಬಂದರೆ ಅತ್ತೆ ಆ ವರ್ಷದ ಮಿಲ್ ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು. ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು:

“ನಮ್ಮ ದೊಡ್ಡ ಸೊಸಿಗೆ ಬಡಿವಾರ ಇಲ್ಲ ನೋಡವಾ. ತಮ್ಮ ಇಷ್ಟ ಗಳಿಸ್ಯಾನ, ಆದರೂ ಇಂಥಾದ್ದ ಸಾಕಂತಾಳ.” ನನ್ನ ಕಡೆ ತಿರುಗಿದಳು. “ಹೌದಲ್ಲೋ ತಮ್ಮಾ?”

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ನಾನು ಹೌದ್ರಿ ಎನ್ನುವವರೆಗೂ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.