ಹಾಲು ಸುರಿದ ಮೇಲೆ ಬರುವ ನಂಬರು

ಕಳೆದ ವಾರ ಒಂದು ಬೆಳಿಗ್ಗೆ ಬಂಗಾರಪೇಟೆಯ ಹಾಲಿನ ಕೇಂದ್ರದಲ್ಲಿ ಒಬ್ಬ ಹೆಂಗಸು ಕೌಂಟರಿನ ಮುಂದೆ ತನ್ನ ಕ್ಯಾನಿನ ಮುಚ್ಚಳದ ಮೇಲೆ ಕೂತುಬಿಟ್ಟಳು. ಹಾಲು ಸುರಿಯುವುದಿಲ್ಲ ಅಂದರೆ ಇಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಎಲ್ಲರೂ ಆಕೆಗೇ ಬೈಯುತ್ತಿದ್ದರು.

ಅಲ್ಲಿನ ಕಂಪ್ಯೂಟರ್ ಪ್ರೋಗ್ರಾಂ ಬರೆದವನು ನಾನು. (ಅಂಕಣ ಬರೆದು ಹೊಟ್ಟೆ ತುಂಬುವುದಿಲ್ಲ, ನಿಮಗೆ ಗೊತ್ತೇ ಇದೆ.) ಮೊದಲು ಅದು ಮೇಜಿನ ಮೇಲಿನ ಒಂದು ಪಿಸಿಯಲ್ಲಿ ಓಡುತ್ತಿತ್ತು. ದರ ಕಟ್ಟಲು ಹಾಲಿನ ಸ್ಯಾಂಪಲ್ ತೆಗೆದು ಫ್ಯಾಟ್ ನೋಡುತ್ತಾರಲ್ಲ, ಆ ನಂಬರ್ ಒತ್ತಿದ ಕೂಡಲೇ ಸ್ಕ್ರೀನ್ ತುಂಬ ಮೂಡುತ್ತಿತ್ತು. ಕೀಬೋರ್ಡಿನ ಪುಟ್ಟ ನಕ್ಷತ್ರ ಗುರುತುಗಳನ್ನು ಜೋಡಿಸಿ ದೊಡ್ಡ ದೊಡ್ಡ ಅಂಕಿ ಮಾಡಿದ್ದೆ. ಸ್ಕ್ರೀನು ಸಾಲಿನ ಕಡೆಗೇ ತಿರುಗಿರುತ್ತಿತ್ತು. ನಂಬರ್ ಯಾಕೋ ಸರಿಯಿಲ್ಲ ಅನ್ನಿಸಿತೆ? ಇನ್ನೊಂದು ಸಲ ನೋಡಿ ಅನ್ನಬಹುದಿತ್ತು. ಒಪ್ಪಿದ ಮೇಲೆಯೇ ಹಾಲು ಟ್ಯಾಂಕಿಗೆ.

ಈಗ ಡೈರಿಯವರು ಕೆಜಿಎಫ್ ಆಫೀಸಿಗೆ ಬೀರುವಿನಷ್ಟು ದೊಡ್ಡ ಮಿಡ್‌ರೇಂಜ್ ಕಂಪ್ಯೂಟರ್ ತಂದಿದ್ದಾರೆ. ಬಂಗಾರಪೇಟೆಯಲ್ಲಿ ಬರೀ ಅದರ ಟರ್ಮಿನಲ್, ಅಂದರೆ ಒಂದು ಸ್ಕ್ರೀನು, ಒಂದು ಕೀಬೋರ್ಡು. ಹಳೆಯ ಕೋಡನ್ನು ಹೊಸ ಮೆಷೀನಿಗೆ ಒಗ್ಗುವಂತೆ ತಿದ್ದುವ ಕೆಲಸವೂ ನನ್ನ ತಲೆಗೇ ಬಂತು. ತಿದ್ದಿದೆ. ದೊಡ್ಡ ಅಂಕಿಯ ಸ್ಕ್ರೀನನ್ನೂ ಬಿಡದೆ ಮಾಡಿಕೊಟ್ಟೆ.

ಕೆಜಿಎಫ್ ಆಫೀಸಿನ ಮ್ಯಾನೇಜರ್ ಸಾಹೇಬರು ಅದನ್ನು ಕಿತ್ತುಹಾಕಿಸಿದರು. ಬಿಸಿನೆಸ್ ಮೆಷೀನಿನಲ್ಲಿ ಇಂಥ ಆಟಿಕೆ ಯಾಕೆ ಅಂದರು. ನಂಬರುಗಳೆಲ್ಲ ಸುಮ್ಮನೆ ಕೆಜಿಎಫ್‌ಗೆ ಹೋಗಲಿ, ಸಂಜೆ ಚೀಟಿ ಕೊಟ್ಟರಾಯಿತು! ನಾನು ವಾದ ಮಾಡಿದೆ, ಗೋಗರೆದೆ. ಯಾರು ಕೇಳುತ್ತಾರೆ?

ಕ್ಯಾನಿನ ಮೇಲೆ ಕೂತಾಕೆ ಬೇತಮಂಗಲದ ಕಡೆಯ ಮುನಿವೆಂಕಟಮ್ಮ. ಪ್ರೋಗ್ರಾಂ ಬರೆದವನು ನೀನೇ ತಾನೆ, ನೀನೇ ತಿಳಿಸಿ ಹೇಳು ಎಂದು ಕ್ಲರ್ಕ್ ನನ್ನನ್ನು ಮುಂದೆ ತಳ್ಳಿದ. ಸಂಜೆ ಚೀಟಿ ಬರುತ್ತದಮ್ಮ, ತಪ್ಪಿದ್ದರೆ ಆಗ ಕೇಳಬಹುದು ಅಂದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಸಾಯಂಕಾಲ ತಪ್ಪೈತೆ ಅಂತ ಬಂದ್ರೆ, ತಿರ್ಗಾ ನೋಡಾಕೆ ನನ್ ಆಲು ಎಲ್ಲಿರ್ತೈತಣ್ಣ?"

ಊರಿನ ಹಾಲೆಲ್ಲ ಒಂದೇ ಟ್ಯಾಂಕಿನಲ್ಲಿ ಬೆರೆತ ಮೇಲೆ ಮುನಿವೆಂಕಟಮ್ಮನ ಹಾಲು ಅಂತ ಬೇರೆ ಇರುತ್ತದೆಯೇ? ಕೋಪ ನೆತ್ತಿಗೇರಿತು. ಅಲ್ಲಿಂದಲೇ ಕೆಜಿಎಫ್‌ಗೆ ಫೋನ್ ಹಚ್ಚಿದೆ. ಆ ಸ್ಕ್ರೀನ್ ವಾಪಸ್ ಹಾಕಲು ಅರ್ಧ ದಿನ ಸಾಕು, ದುಡ್ಡೂ ಬೇಡ ಅಂದೆ. ಸಾಹೇಬರು ತಣ್ಣಗೆ ಹೇಳಿದರು: "ನೋಡ್ರೀ, ಹೊಸ ಮೆಷೀನ್ ಬಂದ ಮೇಲೆ ಕೌಂಟರಲ್ಲಿ ಜಗಳವೇ ನಿಂತುಹೋಗಿದೆ. ಇರೋದು ಹಾಗೇ ಇರಲಿ."

ಫೋನ್ ಇಟ್ಟು ತಿರುಗಿದರೆ ಮುನಿವೆಂಕಟಮ್ಮ ಹಾಲು ಸುರಿಯುತ್ತಿದ್ದಳು. ಬೈಗುಳ ಎಷ್ಟು ಹೊತ್ತು ತಡೆದಾಳು? ಬಿಸಿಲಿಗೆ ಹಾಲು ತಾನೇ ಎಷ್ಟು ಹೊತ್ತು ತಡೆದೀತು?

ಸಂಜೆಯ ಹಾಲು ತಂದಾಗ ಆಕೆಗೆ ಬೆಳಗಿನ ಚೀಟಿ ಸಿಕ್ಕಿತು; ನಾನಿನ್ನೂ ಅಲ್ಲೇ ಇದ್ದೆ. ಎಂದೂ ಇಲ್ಲದಷ್ಟು ಕಡಿಮೆ ಫ್ಯಾಟ್. ಚೀಟಿಯನ್ನು ನನ್ನ ಮುಂದೆ ಹಿಡಿದಳು.

ಬೆಳಗಿನ ಹಾಲು ತುಂಬಿಕೊಂಡು ಟ್ಯಾಂಕರ್ ಮಧ್ಯಾಹ್ನವೇ ಹೊರಟುಹೋಗಿತ್ತು. ಜಗಳ ನಿಂತಿತು ಅಂದಿರಲ್ಲ ಸಾಹೇಬರೇ, ಜಗಳವಾಡುವುದಕ್ಕೆ ಆಕೆಯ ಕೈಯಲ್ಲಿ ಏನು ಉಳಿಸಿದ್ದೀರಿ?