ಪೈಪು ಮೂಸುತ್ತಿದ್ದ ಗಂಗಹನುಮಯ್ಯ

ಯಾವ ಊರಿನ ಫೈರ್ ಸ್ಟೇಷನ್ನಿಗೆ ಹೋದರೂ ಗಂಗಹನುಮಯ್ಯನವರು ಮೊದಲು ಮಾಡುತ್ತಿದ್ದ ಕೆಲಸ ಪೈಪು ಮೂಸುವುದು. ಸಿಬ್ಬಂದಿಯೆಲ್ಲ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದರೆ ಇವರು ನೇರವಾಗಿ ಗಾಡಿಯ ಹಿಂದಕ್ಕೆ ಹೋಗಿ, ಸುತ್ತಿಟ್ಟ ಪೈಪೊಂದನ್ನು ಎತ್ತಿ, ಸಂತೆಯಲ್ಲಿ ಹಲಸಿನ ಹಣ್ಣು ಆರಿಸುವವರ ಹಾಗೆ ಮೂಗಿಗೆ ಹಿಡಿಯುತ್ತಿದ್ದರು. ಒದ್ದೆ ಪೈಪನ್ನು ಒಣಗಿಸದೆ ಸುತ್ತಿಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಮುಗ್ಗಿದ ಪೈಪು ನೀರು ಬಿಟ್ಟ ತಕ್ಷಣ ಒಡೆಯುತ್ತದೆ. "ರಿಜಿಸ್ಟರು ಸುಳ್ಳಾಡ್ತದೆ ಕಣಮ್ಮ, ಪೈಪು ಸುಳ್ಳಾಡಾಕಿಲ್ಲ" ಎನ್ನುತ್ತಿದ್ದರು.

ಸಣ್ಣ ಊರುಗಳ ಅಗ್ನಿಶಾಮಕ ಠಾಣೆಗಳು ಬೆಂಕಿಗೆ ಎಷ್ಟು ಸಿದ್ಧವಾಗಿವೆ ಎಂದು ತಪಾಸಣೆ ಮಾಡುವ ಅಧಿಕಾರಿ ಅವರು. ಅವರ ವರದಿಗಳನ್ನು ಟೈಪ್ ಮಾಡುವ ಗುಮಾಸ್ತೆ ನಾನು, ಶಾರದಾ. ಅವರದು ಯಲಹಂಕದ ಹಳೇ ಊರಿನಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ದಾಯಾದಿಗಳೆಲ್ಲ ಹೊಲದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿ ಕಾರಿನಲ್ಲಿ ಓಡಾಡುತ್ತಿದ್ದರೂ ಇವರು ಮಾತ್ರ ಬಸ್ಸು ಬಿಟ್ಟವರಲ್ಲ. ಕೊಡಿಗೇಹಳ್ಳಿ ಗೇಟಿನಲ್ಲಿ ನಾನು ಹತ್ತುವ ಹೊತ್ತಿಗೆ ಕಿಟಕಿ ಪಕ್ಕ ಕೂತು ಹೊಸ ಕಟ್ಟಡಗಳನ್ನು ದಿಟ್ಟಿಸುತ್ತ, "ಈ ಸಂದೀಗೆ ನಮ್ ಗಾಡಿ ಎಂಗಮ್ಮ ನುಗ್ತದೆ?" ಎಂದು ಗೊಣಗುತ್ತಿದ್ದರು. ಅಕ್ಕಪಕ್ಕದವರು ಇವರನ್ನು ಸೈಟು ಮಾರುವ ಬ್ರೋಕರ್ ಎಂದೇ ತಿಳಿದಿದ್ದರೋ ಏನೋ.

ಮೂಸಿದ ಮೇಲೆ ಎರಡನೆಯ ಕೆಲಸ, ಯಾರಿಗೂ ಹೇಳದೆ ಗಂಟೆ ಬಾರಿಸಿ ಗಡಿಯಾರ ನೋಡುವುದು. ಒಂದೂರಿನಲ್ಲಿ ಹೀಗೆ ಬಾರಿಸಿದಾಗ ಸಿಬ್ಬಂದಿ ಹಾರಿ ಗಾಡಿ ಹತ್ತಿದರಂತೆ, ಗಾಡಿಯೂ ಹೊರಟಿತಂತೆ, ಆದರೆ ಅಂಗಳದ ನಡುವೆ ಗಕ್ಕನೆ ನಿಂತುಬಿಟ್ಟಿತಂತೆ. ಎದುರಿಗೆ ನೆರೆಮನೆಯವರು ರಾಗಿ ಒಣಹಾಕಿದ್ದರು. "ಅನ್ನದ ಮ್ಯಾಲೆ ಚಕ್ರ ಹತ್ಸೋದೆಂಗೆ ಸಾ?" ಎಂದನಂತೆ ಡ್ರೈವರು. ಗಂಗಹನುಮಯ್ಯನವರು ಬೈಯಬೇಕಿತ್ತು. ಬೈಯದೆ ಷೂ ಕಳಚಿಟ್ಟು, ತಾವೇ ಮೊರ ಹಿಡಿದು ರಾಗಿ ಬಳಿದು ದಾರಿ ಬಿಡಿಸಿದರು. ವರದಿಯಲ್ಲಿ ಮಾತ್ರ ಬಿಡಲಿಲ್ಲ. "ರಾಗಿಯ ಕಾರಣದಿಂದ ನಾಲ್ಕು ನಿಮಿಷ ತಡ" ಎಂದು ನಾನೇ ನಗುತ್ತ ಟೈಪ್ ಮಾಡಿದ್ದೇನೆ.

ಯಾವ ಊರಿಗೆ ಹೋಗುತ್ತೇನೆಂದು ಅವರು ಯಾರಿಗೂ ಹೇಳುತ್ತಿರಲಿಲ್ಲ. ಪ್ರವಾಸದ ಪಟ್ಟಿಯಲ್ಲಿ ಊರಿನ ಜಾಗ ಖಾಲಿ ಬಿಡಿಸಿ, ಬಂದ ಮೇಲೆ ಪೆನ್ನಿನಲ್ಲಿ ತುಂಬುತ್ತಿದ್ದರು. ಆದರೆ ಹಿಂದಿನ ದಿನ ಸಂಜೆ, "ಆ ಊರಿನ ಓದ್ ವರ್ಷದ ಫೈಲ್ ಕೊಡಮ್ಮ" ಎಂದು ನನ್ನ ಬೀರುವಿನ ಮುಂದೆ ನಿಲ್ಲಲೇಬೇಕಲ್ಲ. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಒಂದು ವರ್ಷ ಸಂಕ್ರಾಂತಿಯ ಮರುವಾರ ಅವರು ಫೈಲು ಕೇಳಿದ್ದು ಒಂದು ತಾಲ್ಲೂಕು ಊರಿನದು. ಅಲ್ಲಿನ ಠಾಣಾಧಿಕಾರಿ ಆಗಾಗ ಫೋನ್ ಮಾಡಿ ಕಷ್ಟಸುಖ ಮಾತಾಡುತ್ತಿದ್ದವರು. ಅವರ ಬಡ್ತಿಯ ಕಾಗದ ಮೇಲೆ ಹೋಗಿತ್ತು. "ಅಕ್ಕಾ, ಸಾಹೇಬ್ರು ಬರೋದಾದ್ರೆ ಒಂದ್ ದಿನ ಮುಂಚೆ ಹೇಳ್ಬಿಡಿ. ಪೈಪ್‌ಗಳೆಲ್ಲ ಮುಗ್ಗಿ ಹೋಗಿವೆ. ಎಷ್ಟ್ ಸಲ ಬರ್ದ್ರೂ ಹೊಸದು ಬರ್ತಿಲ್ಲ, ಕೆಟ್ಟ ಹೆಸ್ರು ಮಾತ್ರ ನನಗೆ ಬರುತ್ತೆ" ಎಂದು ಬೇಡಿಕೊಂಡಿದ್ದರು. ನನಗೆ ಅಯ್ಯೋ ಎನಿಸಿತು. "ನಾಳೆನೇ ಕಣ್ರೀ" ಎಂದು ಹೇಳಿಬಿಟ್ಟೆ.

ಅವರು ಪಕ್ಕದ ತಾಲ್ಲೂಕಿನ ಠಾಣೆಯಿಂದ ಒಳ್ಳೆಯ ಪೈಪುಗಳನ್ನು ಎರವಲು ತಂದು ಜೋಡಿಸಿದರು. ಗಂಗಹನುಮಯ್ಯನವರು ಬಂದು ಮೂಸಿದರು, ಎಣಿಸಿದರು, ಸರಿಯಾಗಿದೆ ಎಂದು ಬರೆದರು. ಸಂಜೆಗೆ ಪೈಪುಗಳು ತವರಿಗೆ ಮರಳಿದವು. "ನಿಮ್ಮ ಉಪಕಾರ ಮರೆಯೋದಿಲ್ಲ ಅಕ್ಕಾ" ಎಂದು ಠಾಣಾಧಿಕಾರಿ ಎಲ್ಲವನ್ನೂ ಫೋನಿನಲ್ಲಿ ವರ್ಣಿಸಿದಾಗ ನಾನೂ ನಕ್ಕೆ. ಆ ಮೂಗಿಗೂ ಒಬ್ಬರು ಮಣ್ಣೆರಚಿದರಲ್ಲ ಎಂದು ಖುಷಿಯೇ ಆಯಿತೆಂದರೆ ನಂಬಬೇಕು.

ಅದೇ ತಿಂಗಳು ಗಂಗಹನುಮಯ್ಯನವರು, ಯಾವ ಯಾವ ಠಾಣೆಗೆ ತುರ್ತಾಗಿ ಹೊಸ ಪೈಪು ಬೇಕು ಎಂಬ ಪಟ್ಟಿ ಮಾಡಿ ಮೇಲಿನವರ ಬಾಗಿಲು ಕಾಯುತ್ತಿದ್ದರು. ಪಟ್ಟಿ ಟೈಪ್ ಮಾಡಿದವಳು ನಾನೇ. ವರದಿಯಲ್ಲಿ ಎಲ್ಲ ಸರಿಯಿದ್ದುದರಿಂದ ಆ ಊರಿನ ಹೆಸರು ಅದರಲ್ಲಿ ಇರಲಿಲ್ಲ. ಇರಲಿಲ್ಲ ಎಂಬುದು ನನ್ನ ಕಣ್ಣಿಗೆ ಬಿತ್ತು ಕೂಡ. ಊಟದ ಹೊತ್ತಾಗಿತ್ತು, ಹಾಳೆ ತೆಗೆದು ಸಹಿಗೆ ಇಟ್ಟು ಎದ್ದುಹೋದೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಊರಿನ ಪೇಟೆಯಲ್ಲಿ ಹತ್ತಿ ಹಾಸಿಗೆಯ ಅಂಗಡಿಗೆ ಬೆಂಕಿ ಬಿತ್ತು. ನೀರು ಬಿಟ್ಟ ಕೂಡಲೇ ಎರಡು ಪೈಪು ಒಡೆದವು. ಉಳಿದದ್ದರ ಉದ್ದ ಸಾಲದೆ, ರುದ್ರೇಶ ಎನ್ನುವ ಸಿಬ್ಬಂದಿ ಉರಿಯ ತೀರ ಹತ್ತಿರಕ್ಕೆ ಹೋದ. ಅವನ ಎರಡೂ ಕೈ ಸುಟ್ಟವು. ಜೀವ ಉಳಿಯಿತು, ಬೆರಳುಗಳು ಮತ್ತೆ ಬಿಡಿಸಿಕೊಳ್ಳಲಿಲ್ಲ.

ವಿಚಾರಣೆಯಲ್ಲಿ ಎರವಲಿನ ಮಾತನ್ನು ಠಾಣಾಧಿಕಾರಿ ಎತ್ತಲಿಲ್ಲ, ಎಲ್ಲರ ಬೆರಳೂ ಗಂಗಹನುಮಯ್ಯನವರ ವರದಿಯ ಕಡೆ ತಿರುಗಿತು. "ನೋಡಿ ಬರ್ದಿದ್ದೀನಿ. ತಪ್ಪಾಗಿದ್ರೆ ನಂದೇ" ಎಂದರಂತೆ. ಅವರನ್ನು ತಪಾಸಣೆಯಿಂದ ತೆಗೆದು ಹಳೆ ಕಡತಗಳ ಕೋಣೆಯಲ್ಲಿ ಕೂರಿಸಿದರು. ಮರುದಿನ ಬಸ್ಸಿನಲ್ಲಿ ಅವರು ಕಟ್ಟಡಗಳ ಕಡೆ ನೋಡುತ್ತಿರಲಿಲ್ಲ. "ವಯಸ್ಸಾಯ್ತು ಕಣಮ್ಮ, ಮೂಗು ಮೋಸ ಮಾಡ್ತು" ಎಂದರು. "ಹಾಗೇನಿಲ್ಲ ಬಿಡಿ ಸಾರ್" ಎಂದೆ. ಬಾಯಿಗೆ ಬಂದದ್ದು ಅಷ್ಟೇ. ನನ್ನ ಕೆಲಸ ಹೋದರೆ ಎಂಬ ಹೆದರಿಕೆ, ಮತ್ತೇನೂ ಅಲ್ಲ. ನಿವೃತ್ತಿಯವರೆಗೆ ಅವರು ಆ ಕೋಣೆಯಲ್ಲೇ ಧೂಳು ಕುಡಿದರು, ನಾನು ದಿನವೂ ಅದರ ಮುಂದೆ ಹಾದು ಹೋದೆ.

ನನಗೂ ನಿವೃತ್ತಿಯಾದ ಮೇಲೆ ಧೈರ್ಯ ಬಂತು. ಆಗ ಬಂದ ಧೈರ್ಯ ಯಾರಿಗೆ ಬೇಕು? ಆದರೂ ಯಲಹಂಕದ ಅವರ ಮನೆಗೆ ಹೋಗಿ, ಫೋನ್ ಮಾಡಿದ್ದು, ಎರವಲು ಪೈಪು, ನಕ್ಕಿದ್ದು, ಪಟ್ಟಿ, ಎಲ್ಲ ಹೇಳಿದೆ. ಅಳುತ್ತ ಹೇಳಿದೆ. ಹೆಂಡತಿ ತಂದಿಟ್ಟ ಕಾಫಿಯನ್ನು ಅವರು ನನ್ನ ಕಡೆ ಸರಿಸಿದರು.

"ನನ್ ಎಸ್ರು ಓಗ್ಲಿ ಬಿಡಮ್ಮ" ಎಂದರು. "ಸಂಕ್ರಾಂತಿಯಿಂದ ಯುಗಾದೀಗೆ ಎರಡ್ ತಿಂಗ್ಳಿತ್ತಲ್ಲ. ಅಷ್ಟ್ರೊಳಗೆ ಒಂದ್ ಮಾತು ಅಂದಿದ್ರೆ, ಯಾರ್ ಕಾಲಾದ್ರೂ ಇಡ್ದು ಪೈಪು ಕೊಡಿಸ್ತಿದ್ನಲ್ಲಮ್ಮ."

ನಾನು ಅಷ್ಟು ವರ್ಷ ಕ್ಷಮೆ ಕೇಳಲು ಸಿದ್ಧವಾಗಿದ್ದು ಅವರ ಹೆಸರು ಕೆಡಿಸಿದ್ದಕ್ಕೆ. ಆ ಎರಡು ತಿಂಗಳು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

"ರುದ್ರೇಶನ ಮನೇಗೆ ನಾನು ಆವಾಗ್ಲೇ ಓಗಿದ್ದೆ. ತಪ್ಪು ನಂದಪ್ಪಾ ಅಂತ ಕೈ ಮುಗ್ದು ಬಂದೆ. ನನ್ಗೆ ಅಂದಿದ್ದಾಯ್ತು, ಅವ್ನಿಗೂ ಅಂದ್ಬಿಡು, ಓಗು" ಎಂದರು. ಹೋಗುತ್ತೇನೆ ಸಾರ್ ಎಂದು ಮಾತು ಕೊಟ್ಟೆ. ಬಾಗಿಲವರೆಗೆ ಬಂದು ಬಸ್ಸು ಸಿಗುವ ದಾರಿ ತೋರಿಸಿದರು. ಅದೇ ಕಡೆಯ ಭೇಟಿ.

ಆ ವರ್ಷದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ನಾನು ರುದ್ರೇಶನ ಊರಿಗೆ ಇನ್ನೂ ಹೋಗಿರಲಿಲ್ಲ. ಮಂಡಿನೋವು, ಮಗಳ ಬಾಣಂತನ, ನೆಪಕ್ಕೇನು ಬರವೇ. ಹನ್ನೊಂದನೇ ದಿನದ ಊಟಕ್ಕೆ ಹೋದಾಗ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವನು ಎರಡು ಅಂಗೈಗಳ ನಡುವೆ ಚಮಚ ಇರುಕಿಸಿಕೊಂಡು ಪಾಯಸ ತಿನ್ನುತ್ತಿದ್ದ. ಕೇಳದೆಯೇ ಯಾರೆಂದು ತಿಳಿಯಿತು.

"ನೀವು ಸಾಹೇಬ್ರ ಆಫೀಸ್ನೋರಾ ಮೇಡಂ?" ಎಂದ ರುದ್ರೇಶ. "ತಪ್ಪು ನಂದು ಅಂತ ನಮ್ ಮನೆ ಬಾಗ್ಲಿಗೆ ಬಂದೋರು ಇವ್ರೊಬ್ರೇ. ಇಷ್ಟ್ ವರ್ಷದಲ್ಲಿ ಇನ್ಯಾರೂ ಬರ್ಲಿಲ್ಲ."

"ಹೌದಪ್ಪ, ದೊಡ್ಡ ಮನುಷ್ಯರು" ಎಂದೆ ನಾನು. ಎಂದು, ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಲು ಹೇಳಿದೆ.